ಕೂಸಿನ ಬನಕ್ಕೆ ಬಿಸಿಲು ಬಿದ್ದ ವರ್ಷ

ಇಳಕಲ್ಲಿನಲ್ಲಿ ಕೆಂಪೆಂದರೆ ರಂಜಾನಬಿಯ ಕೆಂಪು. ಈ ಮಾತನ್ನು ಅವಳೇ ಹಬ್ಬಿಸಿದ್ದರೂ ಇರಬಹುದು. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಆದರೂ ಸೀರೆಯ ಸೆರಗಿಗೆ ರೇಷ್ಮೆ ಬಣ್ಣ ಮಾಡಿಸಬೇಕಾದ ನೇಕಾರರು, ಬೈಗುಳ ತಿಂದಾದರೂ ಸರಿ, ಅವಳ ಬಾಗಿಲಿಗೇ ಬರುತ್ತಿದ್ದರು. ಬಣ್ಣದ ಹಂಡೆಯ ಮುಂದೆ ಕೂರುತ್ತಿದ್ದವನು ಗಂಡ ಅಮೀನಸಾಬ. ಅವನು ಬಾಯಿ ತೆರೆಯುವುದು ಊಟಕ್ಕೆ ಮತ್ತು ನಮಾಜಿಗೆ ಮಾತ್ರ ಎಂದು ಓಣಿಯವರು ನಗುತ್ತಿದ್ದರು. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಣಗಿಸುವುದು, ಒದ್ದೆ ಹೆಬ್ಬೆರಳಿನಿಂದ ನೂಲು ತಿಕ್ಕಿ ಬಣ್ಣ ಬಿಡುತ್ತದೋ ಹೇಗೆಂದು ನೋಡುವುದು, ಅವಸರ ಮಾಡುವ ಗಿರಾಕಿಯನ್ನು ಗದರಿಸುವುದು, ಇವೆಲ್ಲ ರಂಜಾನಬಿಯ ಪಾಲಿಗೆ ಬಂದಿದ್ದವು.

ಬಿಸಿಲೆಂದರೆ ಅವಳಿಗೆ ಹಗೆ. ಬಣ್ಣ ಕಂಡ ನೂಲು ನೆರಳಲ್ಲೇ ಒಣಗಬೇಕು, ನೆರಳಲ್ಲೇ ಮಡಚಿಕೊಳ್ಳಬೇಕು. ಹಿತ್ತಲಿನ ತುಂಬ ಜೋಳದ ಒಣ ದಂಟಿನ, ಕಣಿಕೆಯ, ಚಪ್ಪರ ಹಾಕಿಸಿದ್ದಳು. ಚಪ್ಪರದಲ್ಲಿ ಎಲ್ಲಾದರೂ ಕಿಂಡಿ ಬಿದ್ದು ಬಿಸಿಲಿನ ಚುಕ್ಕೆಯೊಂದು ಲಡಿಯ ಮೇಲೆ ಕಂಡರೆ ಸಾಕು, ಕೈಯಲ್ಲಿದ್ದ ರೊಟ್ಟಿಯನ್ನೂ ಬಿಟ್ಟು ಏಳುತ್ತಿದ್ದಳು. ಸೋಲಾಪುರದ ಕಡೆಯಿಂದ ಡಬ್ಬಿಯ ಬಣ್ಣ ಬರತೊಡಗಿದ್ದ ಹೊಸತು ಅದು. ಪ್ಲೇಗಿಗೆ ಹೆದರಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಊರಿನವರು ಆಗಷ್ಟೇ ತಿರುಗಿ ಮನೆ ಸೇರಿದ್ದರು. ಡಬ್ಬಿಯ ಬಣ್ಣ ಬಿಸಿಲಿಗೆ ಹೇಗೆ ಓಡಿಹೋಗುತ್ತದೆಂದು ಹೇಳಲು ನಿಂತರೆ ರಂಜಾನಬಿಯನ್ನು ಸುಮ್ಮನಾಗಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ.

ಇಷ್ಟು ಗಟ್ಟಿ ಬಾಯಿಯ ಹೆಂಗಸು ಪ್ರತಿ ಗುರುವಾರ ಮಧ್ಯಾಹ್ನ ಮಾತ್ರ ಮೆತ್ತಗಾಗಿ, ತಲೆಯ ಮೇಲೆ ಸೆರಗು ಹೊದ್ದು, ಹುನಗುಂದದ ದಾರಿ ಹಿಡಿದು ಹೋಗುತ್ತಿದ್ದಳು. ಹೋಗುತ್ತಿದ್ದುದು ಕೂಸಿನ ಬನಕ್ಕೆ.

ಊರು ದಾಟಿ ಹಳ್ಳದ ತಗ್ಗಿಗೆ ಇಳಿದರೆ ಆ ಬನ. ಬನದ ಬಾಯಿಗೆ ಒಬ್ಬ ಪೀರರ ಸಣ್ಣ ದರ್ಗಾ, ಅದರ ಹಿಂದೆ ಒಂದು ಆಲದ ಮರ. ಮರವೆಂದರೆ ಬಿಳಲು ಬಿಟ್ಟು ಬಿಟ್ಟು ಅರ್ಧ ಬನವನ್ನು ತಾನೇ ಹೊದ್ದುಕೊಂಡ ಮರ. ಅದರ ಕೆಳಗೆ ನಡು ಹಗಲಲ್ಲೂ ಸಂಜೆಯ ಬೆಳಕು. ಸುತ್ತಲಿನವರ ಹಾಲುಗೂಸು ತೀರಿಕೊಂಡರೆ ತಂದು ಮಣ್ಣು ಮಾಡುತ್ತಿದ್ದುದು ಅಲ್ಲಿಯೇ. ಮುಸಲ್ಮಾನರದಾಗಲಿ, ನೇಕಾರರದಾಗಲಿ, ಕುರುಬರದಾಗಲಿ, ಹಲ್ಲು ಬರದ ಕೂಸಿಗೆ ಇನ್ನೂ ಜಾತಿ ಅಂಟಿರುವುದಿಲ್ಲ ಎಂದು ಹಿರಿಯರು ತಿಳಿದಿದ್ದರು. ಕಲ್ಲು ನೆಡುವಂತಿಲ್ಲ, ಹೆಸರಿಲ್ಲ. ತಲೆಯ ಕಡೆ ಒಂದು ನೇರಳೆ ಬೀಜ ಒತ್ತಿ ಎದ್ದು ಬರಬೇಕು. ಆಮೇಲೆ ಆ ಸಸಿಗೆ ಮನುಷ್ಯರ ಕೈ ಸೋಕುವಂತಿಲ್ಲ. ನೀರೂ ಇಲ್ಲ, ಬೇಲಿಯೂ ಇಲ್ಲ.

ರಂಜಾನಬಿ ಅಲ್ಲಿ ಮೂರು ಬೀಜ ಒತ್ತಿದ್ದಳು. ಇಬ್ಬರು ಗಂಡು, ಕೊನೆಯದು ಹೆಣ್ಣು. ಒಬ್ಬರೂ ತೊಟ್ಟಿಲಿನಿಂದ ನೆಲಕ್ಕಿಳಿಯಲಿಲ್ಲ. ಮೂರನೆಯದರ ನಂತರ ಅವಳಿಗೆ ಬಸಿರು ನಿಲ್ಲಲಿಲ್ಲ. ಮೂರೂ ಬೀಜ ಮೊಳೆತವು ಎಂಬುದೇ ಅವಳ ಬದುಕಿನ ದೊಡ್ಡ ಸಮಾಧಾನ. ದೊಡ್ಡಾವ, ನಡುವಿನಾವ, ಸಣ್ಣಾಕಿ ಎಂದು ಅವಕ್ಕೆ ಒಳಗೊಳಗೇ ಹೆಸರಿಟ್ಟಿದ್ದಳು. ಮೊಳಕಾಲೆತ್ತರ ಬಂದು ನಿಂತ ಸಸಿಗಳು ವರ್ಷಗಟ್ಟಲೆ ಅಷ್ಟೇ ಇದ್ದವು. ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಅಗಲವಾದ, ತೆಳ್ಳಗಿನ, ಕಡು ಹಸಿರಿನ ನಾಲ್ಕಾರು ಎಲೆ ಹಿಡಿದು ನೆರಳಲ್ಲಿ ಸುಮ್ಮನೆ ಕೂತಿದ್ದವು. ಬನದ ಎಲ್ಲ ಸಸಿಗಳೂ ಹಾಗೆಯೇ. ಕೂಸುಗಳು ಕೂಸುಗಳಾಗಿಯೇ ಇರುತ್ತವೆ ಎಂದು ಹೆಂಗಸರು ಅದಕ್ಕೆ ಅರ್ಥ ಹೇಳಿಕೊಂಡಿದ್ದರು. ರಂಜಾನಬಿಗೆ ಆ ಅರ್ಥ ಒಪ್ಪಿಗೆಯಾಗಿತ್ತು. ಮಕ್ಕಳು ಬೆಳೆಯದಿದ್ದರೆ ಬೇಡ, ಇದ್ದರೆ ಸಾಕಾಗಿತ್ತು.

ಸಣ್ಣಾಕಿಯ ಪಕ್ಕದಲ್ಲೇ ಇದ್ದದ್ದು ನೇಕಾರರ ಕಾಳವ್ವನ ಮಗನ ಸಸಿ. ಕಾಳವ್ವ ರಂಜಾನಬಿಯ ಹಿಂಬದಿಯ ಮನೆಯವಳು. ಗಂಡ ಉದ್ದೆಳೆಗಳ ಹಾಸು ಮಾಡಿಕೊಟ್ಟರೆ ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವಳು. ಬನದಲ್ಲಿ ಒಂದು ಕೂಸನ್ನು ಬಿಟ್ಟು ಬಂದರೂ ಆಮೇಲೆ ಹುಟ್ಟಿದ ಎರಡು ಮಕ್ಕಳು ಅವಳ ಮನೆಯಲ್ಲಿ ಗದ್ದಲ ಹಾಕಿಕೊಂಡು ಓಡಾಡುತ್ತಿದ್ದವು. ಆ ಗದ್ದಲ ಗೋಡೆಯಾಚೆಯಿಂದ ಕೇಳುವಾಗ ರಂಜಾನಬಿ ಹಂಡೆಯ ಮುಚ್ಚಳವನ್ನು ಬೇಕೆಂದೇ ಸಪ್ಪಳ ಮಾಡಿ ಇಡುತ್ತಿದ್ದಳು. ಹೊಟ್ಟೆಕಿಚ್ಚು, ಇನ್ನೇನು? ಇಬ್ಬರೂ ಎಲೆ ಅಡಿಕೆ ಹಂಚಿಕೊಂಡು ತಿನ್ನುವಷ್ಟು ಸಲಿಗೆಯ ನೆರೆಯವರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಒಂದು ವರ್ಷ ರೋಹಿಣಿ ಮಳೆ ಗಾಳಿಯನ್ನು ಮುಂದೆ ಮಾಡಿಕೊಂಡು ಬಂತು. ಬೆಳಗಾಗುವುದರೊಳಗೆ ಆಲದ ಮರ ಬುಡ ಸಮೇತ ಹಳ್ಳದ ಕಡೆಗೆ ಉರುಳಿತ್ತು. ಪುಣ್ಯಕ್ಕೆ ಸಸಿಗಳ ಮೇಲೆ ಬೀಳಲಿಲ್ಲ. ಸುದ್ದಿ ಕೇಳಿ ಓಡಿದ ರಂಜಾನಬಿ ಬನದ ಬಾಯಿಯಲ್ಲೇ ನಿಂತುಬಿಟ್ಟಳು. ಅಲ್ಲಿ ಅಷ್ಟು ಬೆಳಕನ್ನು ಅವಳು ಎಂದೂ ನೋಡಿರಲಿಲ್ಲ. ನೆಲದ ಮೇಲಿನ ಒಂದೊಂದು ಕಡ್ಡಿಯೂ ಕಾಣುತ್ತಿತ್ತು. ಮೂರು ಸಸಿಗಳು ಆ ಬಟಾಬಯಲಲ್ಲಿ ಎಷ್ಟು ಸಣ್ಣವಾಗಿ ಕಂಡವೆಂದರೆ ತನ್ನವೇ ಹೌದೋ ಎಂದು ಅವಳು ಮತ್ತೊಮ್ಮೆ ಎಣಿಸಿ ನೋಡಿದಳು.

ಮಳೆ ಒಂದೇ ದಿನಕ್ಕೆ ಮುಗಿದು ಮತ್ತೆ ಬಿಸಿಲು ಕಾಯಿತು. ಮುಂದಿನ ಗುರುವಾರದವರೆಗೆ ತಡೆಯಲಾರದೆ ಅವಳು ನಡುವೆಯೇ ಹೋಗಿ ನೋಡಿದಳು. ಎಲೆಗಳ ಹಸಿರು ಮಾಸಿತ್ತು, ಅಂಚು ಕಂದಾಗಿತ್ತು. ಇಂಥದನ್ನು ಅವಳು ಜೀವಮಾನವೆಲ್ಲ ನೋಡಿದ್ದಳು. ಬಣ್ಣ ಬಿಸಿಲಿಗೆ ಹೋಗುತ್ತಿದೆ, ನೆರಳಿಗೆ ಎಳೆದುಕೊಂಡರೆ ಉಳಿಯುತ್ತದೆ, ಇಲ್ಲವಾದರೆ ಮಾಲು ಕೆಟ್ಟಿತು. ಬೇರೆ ಯೋಚನೆ ಅವಳಿಗೆ ಬರುವುದಾದರೂ ಹೇಗೆ?

ದರ್ಗಾದ ಮುಜಾವರ ಅಬ್ದುಲಸಾಬ ಮೆಟ್ಟಿಲ ಮೇಲೆ ಕೂತು ಆಲದ ಕೊಂಬೆಗಳನ್ನು ಕಡಿಸುತ್ತಿದ್ದ. ಬನದ ಕಟ್ಟಳೆ ಕಾಯುವವನು ಅವನೇ.

"ಚಾಚಾ, ನನ್ನ ಮೂರಕ್ಕ ಚಪ್ಪರ ಹಾಕ್ತೇನ್ರಿ," ಎಂದಳು.

"ಇಲ್ಲಿ ಯಾರೂ ಕೈ ಹಚ್ಚಂಗಿಲ್ಲ ತಂಗಿ. ನಿನಗ ಗೊತ್ತಿಲ್ಲದ್ದೇನು? ಕೊಟ್ಟಾವ ಅವನು, ಒಯ್ದಾವ ಅವನು. ನೋಡ್ಕೊಳ್ಳಾವನೂ ಅವನಽ."

"ಸಸಿಗೆ ನಾ ಎಲ್ಲಿ ಕೈ ಹಚ್ಚೇನ್ರಿ? ಬಿಸಲಿಗೆ ಹಚ್ಚತೇನಿ. ಬಿಸಲಿಗೆ ಕೈ ಹಚ್ಚಬಾರದು ಅಂತ ಯಾವ ಪೀರರು ಹೇಳ್ಯಾರ?"

ಅಬ್ದುಲಸಾಬ ಗಡ್ಡ ನೀವಿಕೊಂಡ. ಪೀರರು ಹಾಗೇನೂ ಹೇಳಿದ್ದು ಅವನಿಗೂ ನೆನಪಿಗೆ ಬರಲಿಲ್ಲ. ರಂಜಾನಬಿಯ ಜೊತೆ ವಾದ ಮಾಡಿ ಗೆದ್ದವರನ್ನೂ ಅವನು ಕಂಡಿರಲಿಲ್ಲ. "ಸಸಿಗೆ ಸೋಕದಂಗ ಹಾಕು," ಎಂದು ಮುಖ ತಿರುಗಿಸಿದ.

ಅಮೀನಸಾಬ ಕಣಿಕೆಯ ಹೊರೆ ಹೊತ್ತು ತಂದ. ಸಸಿಗೊಂದರಂತೆ ಮೂರು ಪುಟ್ಟ ಚಪ್ಪರಗಳು ಎದ್ದವು. ಒಂದು ಪದರು ಹಾಕಿ ನೋಡಿ, ಇನ್ನೂ ಬಿಸಿಲು ಸೋಸುತ್ತದೆಂದು ರಂಜಾನಬಿ ಎರಡನೆಯ ಪದರು ಹಾಕಿಸಿದಳು. ಮೂರು ಕಡೆ ಹಳೆಯ ಗೋಣಿತಟ್ಟು ಇಳಿಬಿಟ್ಟಳು. ಒಳಗೆ ಬಗ್ಗಿ ನೋಡಿದರೆ ಆಲದ ಕೆಳಗಿನ ಹಿಂದಿನ ನೆರಳೇ. ಅವಳಿಗೆ ಜೀವ ಬಂದಂತಾಯಿತು.

ಆ ಸಂಜೆ ಕಾಳವ್ವ ಹಿತ್ತಲ ಗೋಡೆಯ ಮೇಲೆ ಮುಖವಿಟ್ಟು ಕೇಳಿದಳು. "ಬೀಬಿ, ನನ್ನ ಮಗಂದೂ ಎಲಿ ಸುಟ್ಟಾವಂತ. ಮಗ್ಗದ ಮ್ಯಾಲೆ ಸೀರಿ ಐತಿ, ಲಗ್ನದ ಸೀರಿ, ಬಿಟ್ಟು ಏಳಾಕ ಆಗವಲ್ದು. ಅದಕ್ಕೂ ನಾಕು ಕಣಿಕಿ ಒಗದು ಬಾ."

ರಂಜಾನಬಿ ಲಡಿ ಕೊಡವುತ್ತಲೇ ಉತ್ತರ ಕೊಟ್ಟಳು. "ಕಣಿಕಿ ತೀರ್ಯಾವ, ಕಾಳವ್ವ."

ಅದು ಸುಳ್ಳು. ಹಿತ್ತಲ ಚಪ್ಪರದ ಮರೆಯಲ್ಲಿ ಇನ್ನೂ ಅರ್ಧ ಬಣವೆ ಕಣಿಕೆ ಇತ್ತು. ಮಳೆಗೆ ತನ್ನ ಮೂರು ಚಪ್ಪರ ಹಾರಿಹೋದರೆ ಬೇಕಾಗುತ್ತದೆ ಎಂದು ಅವಳು ತನಗೆ ತಾನೇ ಸಬೂಬು ಹೇಳಿಕೊಂಡಳು. ಆದರೆ ಗೋಡೆಯಾಚೆ ಆ ಹೊತ್ತಿಗೆ ಕಾಳವ್ವನ ಮಕ್ಕಳು ಯಾವುದಕ್ಕೋ ಕೇಕೆ ಹಾಕಿ ನಗುತ್ತಿದ್ದವು ಎಂಬುದನ್ನೂ ಹೇಳಬೇಕು. ಕಾಳವ್ವ "ಹೂಂ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಗ್ಗದ ಸಪ್ಪಳ ಮತ್ತೆ ಶುರುವಾಯಿತು.

ಕಾಳವ್ವನ ಮಗನ ಸಸಿ ಬಿಸಿಲಿಗೆ ಒಂದೊಂದೇ ಎಲೆ ಉದುರಿಸಿ ಕೊನೆಗೆ ಬರೀ ಕಡ್ಡಿಯಾಗಿ ನಿಂತಿತು. ಅದನ್ನು ನೋಡಿದ ಗುರುವಾರ ರಂಜಾನಬಿಗೆ ಮೊದಲು ಅನಿಸಿದ್ದು ನೆಮ್ಮದಿ. ತನ್ನ ಲೆಕ್ಕ ಸರಿ, ನೆರಳು ಕೊಟ್ಟಿದ್ದರಿಂದ ತನ್ನವು ಉಳಿದವು. ಅದರ ಬೆನ್ನಿಗೇ ನಾಚಿಕೆಯಾಯಿತು. ಆ ವಾರ ಕಾಳವ್ವನ ರೇಷ್ಮೆಗೆ ಅವಳು ಎಂದಿಗಿಂತ ಹೆಚ್ಚು ಮುತುವರ್ಜಿಯಿಂದ ಬಣ್ಣ ಹಾಕಿಸಿದಳು. ಕಣಿಕೆಯ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ಮುಂಗಾರು ಹತ್ತಿತು. ಮಳೆಯ ದಿನಗಳಲ್ಲಿ ಹಳ್ಳ ತುಂಬಿ ಬನಕ್ಕೆ ಹೋಗುವ ದಾರಿ ಕಟ್ಟಾಯಿತು. ನೀರಿಳಿದ ಮೇಲೆ ಅವಳು ಹೋದಾಗ ಕಾಳವ್ವನ ಮಗನ ಕಡ್ಡಿ ಚಿಗುರಿತ್ತು. ಚಿಗುರು ಹಸಿರಲ್ಲ, ಕೆಂಪು. ರಂಜಾನಬಿ ಕಣ್ಣು ಕಿರಿದು ಮಾಡಿ ನೋಡಿದಳು. ಎಲೆಗಳು ಹಿಂದಿನವುಗಳ ಅರ್ಧದಷ್ಟೂ ಇರಲಿಲ್ಲ, ಆದರೆ ಒತ್ತೊತ್ತಾಗಿದ್ದವು, ಎಣ್ಣೆ ಸವರಿದಂತೆ ಮಿಂಚುತ್ತಿದ್ದವು. ದಸರೆಯ ಹೊತ್ತಿಗೆ ಆ ಕಡ್ಡಿ ಸೊಂಟದೆತ್ತರ ಬಂತು. ಎಷ್ಟೋ ವರ್ಷ ಕೂತಲ್ಲಿಂದ ಏಳದಿದ್ದದ್ದು ಒಂದು ಮಳೆಗಾಲದಲ್ಲಿ ಎದ್ದು ನಿಂತಿತ್ತು. ಚಪ್ಪರವಿಲ್ಲದ ಬನದ ಉಳಿದ ಸಸಿಗಳಲ್ಲಿ ಕೆಲವು ಸತ್ತಿದ್ದವು, ಉಳಿದವೆಲ್ಲ ಇದೇ ದಾರಿ ಹಿಡಿದಿದ್ದವು.

ಅವಳ ಚಪ್ಪರಗಳ ಒಳಗಿನ ಕತೆ ಬೇರೆ. ದೊಡ್ಡಾವನ ಬುಡ ಕಣಿಕೆಯಿಂದ ತೊಟ್ಟಿಕ್ಕಿದ ನೀರಿಗೆ, ಗಾಳಿಯಾಡದ ತೇವಕ್ಕೆ ಕೊಳೆತು, ಸಸಿ ಮಗ್ಗುಲಾಗಿ ಮಲಗಿಬಿಟ್ಟಿತ್ತು. ಉಳಿದೆರಡು ಬದುಕಿದ್ದವು. ಅದೇ ಹಳೆಯ ಅಗಲ ಎಲೆ, ಅದೇ ಹಸಿರು. ಆದರೆ ಕಾಂಡ ದಾರದಂತೆ ಸಣಕಲಾಗಿ ಉದ್ದಕ್ಕೆ ಎಳೆದುಕೊಂಡು, ಗೋಣಿತಟ್ಟು ಇಲ್ಲದ ಕಡೆಗೆ ಕತ್ತು ಚಾಚಿತ್ತು. ತಾನು ಮುಚ್ಚಿಟ್ಟ ಮಕ್ಕಳು ಬಾಗಿಲಿಗೆ ಬಂದು ಹೊರಗೆ ಇಣುಕುತ್ತಿವೆ ಎಂದು ಅವಳಿಗೆ ಅನಿಸಿತು. ದೊಡ್ಡಾವನ ಪಕ್ಕ ಕೂತು ಅತ್ತಳು. ಹೆತ್ತ ಮಗನನ್ನು ಎರಡನೆಯ ಸಲ ಮಣ್ಣು ಮಾಡುವುದೆಂದರೆ ಸಣ್ಣ ಮಾತಲ್ಲ, ಅದೂ ತನ್ನ ಕೈಯಾರೆ.

ಮನೆಗೆ ಬರುವಾಗ ಕಾಳವ್ವನ ಸಸಿಯ ಬುಡದಲ್ಲಿ ಬಿದ್ದಿದ್ದ ಎರಡು ಎಲೆ ಆರಿಸಿಕೊಂಡು ಬಂದಳು. ಬಿದ್ದದ್ದನ್ನು ಎತ್ತುವುದಕ್ಕೆ ಕಟ್ಟಳೆಯ ಅಡ್ಡಿ ಇರಲಿಲ್ಲ. ಒಂದು ಎಲೆ ಬೇಸಿಗೆಯಲ್ಲಿ ಉದುರಿದ ಹಳೆಯದು, ಇನ್ನೊಂದು ಗಾಳಿಗೆ ಕಿತ್ತು ಬಿದ್ದ ಹೊಸದು. ಅವನ್ನು ಕಾಳವ್ವನ ಮಗ್ಗದ ಅಂಚಿನ ಮೇಲೆ ಇಟ್ಟಳು.

"ಇದರ ಬಣ್ಣ ಹೋಗಿತ್ತು, ನಾನಽ ನೋಡೇನಿ. ಹೋದ ಬಣ್ಣ ತಿರುಗಿ ಹೆಂಗ ಏರಿತು ಕಾಳವ್ವ?"

ಕಾಳವ್ವ ಲಾಳಿ ಬದಿಗಿಟ್ಟು ಎರಡನ್ನೂ ಬೆರಳ ಸಂದಿನಲ್ಲಿ ಹಿಡಿದು ನೋಡಿದಳು, ಬಟ್ಟೆ ನೋಡುವ ಹಾಗೆ. "ಏರಿಲ್ಲ ಬೀಬಿ. ಈ ಹಳೀದು ತೆಳುವು, ಸೆರಗಿನಂಗ ಐತಿ. ಈ ಹೊಸಾದು ದಪ್ಪ, ಕಂಬಳಿ ಹಂಗ. ಎರಡೂ ಒಂದಽ ಅಲ್ಲ. ಹಳೀದನ್ನ ಒಗದು ಹೊಸಾದು ನೇಯ್ದೈತಿ."

ರಂಜಾನಬಿ ಆ ಎಲೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಬಣ್ಣಗಾರರ ಮನೆಯಲ್ಲಿ ಹುಟ್ಟಿ ಬಣ್ಣಗಾರರ ಮನೆ ಸೇರಿದ ಅವಳಿಗೆ ಇದ್ದದ್ದನ್ನು ಕಾಪಾಡುವುದೊಂದೇ ಗೊತ್ತು. ಕಳಚಿ ಹೊಸದಾಗಿ ನೇಯುವ ಕೆಲಸ ನೇಕಾರರದು. ನೆರಳಿಗೆಂದು ಮಾಡಿದ ಎಲೆ ಬಿಸಿಲಿಗೆ ಆಗುವುದಿಲ್ಲ. ಅದನ್ನು ಉಳಿಸಲು ಹೋಗಿ ತಾನು ಸಸಿಯ ಕೈ ಕಟ್ಟಿಹಾಕಿದ್ದೆ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದೇ ತಡ, ಅವಳ ಸ್ವಭಾವ ಗೊತ್ತೇ ಇದೆಯಲ್ಲ, ಆಗಿಂದಾಗಲೇ ಬನಕ್ಕೆ ನುಗ್ಗಿ ನಡುವಿನಾವನ ಚಪ್ಪರವನ್ನು ಕಿತ್ತು ಬಿಸಾಡಿದಳು. ಸಣ್ಣಾಕಿಯದಕ್ಕೆ ಕೈ ಹಾಕಲು ಮಾತ್ರ ಧೈರ್ಯ ಬರಲಿಲ್ಲ.

ಅವಸರ ಮಾಡಿದಳು. ಚಿತ್ತಿ ಮಳೆ ಮುಗಿದ ಮೇಲಿನ ಬಿಸಿಲು ಅದು, ಮೋಡವಿಲ್ಲದ ಬಿಸಿಲು. ದಾರದಂಥ ಕಾಂಡಕ್ಕೆ ಅದನ್ನು ತಡೆಯುವ ತ್ರಾಣ ಎಲ್ಲಿತ್ತು? ನಡುವಿನಾವ ಎಲೆ ಉದುರಿಸಿದ. ನೆಲದಲ್ಲಿ ತೇವ ಆರಿತ್ತು. ಚಿಗುರಲಿಲ್ಲ. ಕಡ್ಡಿ ಮುಟ್ಟಿದರೆ ಮುರಿಯುವ ಹಾಗೆ ಒಣಗಿತು.

ಉಳಿದವಳು ಸಣ್ಣಾಕಿ ಒಬ್ಬಳೇ. ರಂಜಾನಬಿ ಕೆಲವು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಚಪ್ಪರವಿದ್ದರೆ ಕೊಳೆತು ಸಾಯುತ್ತಾಳೆ, ತೆಗೆದರೆ ಸುಟ್ಟು ಸಾಯುತ್ತಾಳೆ. ಆಗ ಅಮೀನಸಾಬ ಬಾಯಿ ಬಿಟ್ಟ. ಹಂಡೆಯ ಕೆಳಗಿನ ಉರಿಯನ್ನು ಸರಿಮಾಡುತ್ತಾ, ಹೆಂಡತಿಯ ಕಡೆ ನೋಡದೆಯೇ ಹೇಳಿದ.

"ರೇಷ್ಮಿ ಒಮ್ಮೆಗೇ ಕುದಿಯೋ ನೀರಿಗೆ ಹಾಕ್ತೀವೇನು? ಉಗುರು ಬೆಚ್ಚಗಿಂದ ಏರಿಸ್ಕೋತ ಹೋಗ್ತೀವಿ."

ಮಾತು ಅಷ್ಟೇ. ಮುಂದಿನ ಗುರುವಾರ ರಂಜಾನಬಿ ಸಣ್ಣಾಕಿಯ ಚಪ್ಪರದ ಮೇಲಿನ ಪದರಿನಿಂದ ಒಂದು ಹಿಡಿ ಕಣಿಕೆ ಎಳೆದಳು. ಗೋಣಿತಟ್ಟಿನ ಒಂದು ಬದಿ ಎತ್ತಿ ಕಟ್ಟಿದಳು. ಅದರ ಮುಂದಿನ ಗುರುವಾರ ಇನ್ನೊಂದು ಹಿಡಿ. ಚಳಿಗಾಲದ ಎಳೆ ಬಿಸಿಲು ಕಣಿಕೆಯ ಸಂದಿನಿಂದ ಸಸಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತು. ಜೀವಮಾನವೆಲ್ಲ ಆ ಚುಕ್ಕೆಗಳನ್ನು ಕಂಡು ಎದ್ದು ಓಡಿದವಳು ಈಗ ಅವುಗಳ ಎದುರು ಕೈ ಕಟ್ಟಿ ಕೂರುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಸಣ್ಣಾಕಿಯ ಹಳೆಯ ಎಲೆಗಳು ಹಳದಿಯಾಗತೊಡಗಿದವು. ಒಂದು ಬಿತ್ತು. ಇನ್ನೊಂದು ಬಿತ್ತು. ಶಿವರಾತ್ರಿಯ ಹೊತ್ತಿಗೆ ಚಪ್ಪರದ ನಾಲ್ಕು ಗೂಟ ಮಾತ್ರ ಉಳಿದಿದ್ದವು, ನಡುವೆ ಒಂದು ಬೋಳು ಕಡ್ಡಿ.

ಅದನ್ನು ಹಾಗೆ ಬಿಟ್ಟು ಕೂರುವುದೇ ಅವಳಿಗೆ ಕಷ್ಟವಾಗಿದ್ದು. ದಿನವೂ ಹೋಗತೊಡಗಿದಳು. ಸೆರಗಾದರೂ ಹಿಡಿಯೋಣವೆಂದು ಕೈ ಏಳುತ್ತಿತ್ತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಮಗ್ಗದಿಂದ ಸೀರೆ ಇಳಿಸಿ ಬಿಡುವಾಗಿದ್ದ ಕಾಳವ್ವನೂ ಜೊತೆಗೆ ಬಂದಳು. ಅವಳ ಮಗನ ನೇರಳೆ ಆಗಲೇ ಎದೆಯೆತ್ತರಕ್ಕೆ ಬಂದು ಸಣ್ಣಾಕಿಯ ಕಡ್ಡಿಯ ಮೇಲೆ ಅಷ್ಟಿಷ್ಟು ನೆರಳು ಚೆಲ್ಲುತ್ತಿತ್ತು. ಇಬ್ಬರೂ ಹಳ್ಳದ ಕಲ್ಲಿನ ಮೇಲೆ ಕೂತರು. ರಂಜಾನಬಿಗೆ ಇನ್ನು ತಡೆಯಲಾಗಲಿಲ್ಲ.

"ಕಾಳವ್ವ, ಆವತ್ತ ಕಣಿಕಿ ಇದ್ದವು. ತೀರಿರಲಿಲ್ಲ."

"ಗೊತ್ತೈತಿ. ನಾ ಮಗ್ಗಕ್ಕ ಕುಂತ್ರ ಕಿಟಕ್ಯಾಗಿಂದ ನಿನ್ನ ಬಣವಿ ಕಾಣತೈತಿ."

"ಮತ್ತ ಯಾಕ ಒಂದು ಮಾತು ಕೇಳಲಿಲ್ಲ?"

ಕಾಳವ್ವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚಿ ಮಡಚಿ ರಂಜಾನಬಿಯ ಕೈಗೆ ಕೊಟ್ಟಳು. "ನನ್ನ ಮನ್ಯಾಗ ಇಬ್ಬರು ಅದಾರ. ನಿನಗ ಈ ಮೂರು ಬಿಟ್ಟರ ಯಾರದಾರ? ಕಣಿಕಿ ನಿನಗಽ ಇರಲಿ ಅಂತ ಸುಮ್ಮನಾದೆ."

ರಂಜಾನಬಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ಸುಳ್ಳು ಹೇಳಿ ಉಳಿಸಿಕೊಂಡ ಕಣಿಕೆ ತನ್ನ ಇಬ್ಬರನ್ನು ತಿಂದಿತ್ತು. ಕಾಳವ್ವ ಬಿಟ್ಟುಕೊಟ್ಟ ಕಣಿಕೆ ಅವಳ ಮಗನನ್ನು ಬೆಳೆಸಿತ್ತು. ಇದರಲ್ಲಿ ಯಾರನ್ನು ಬೈಯಬೇಕೆಂದು ತಿಳಿಯದೆ ಅವಳು ಎಲೆ ಅಡಿಕೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ಸಣ್ಣಾಕಿಯ ತುದಿಯಲ್ಲಿ ಕೆಂಪು ಕಂಡಿತು. ಉಗುರಿನಷ್ಟು ಎರಡು ಎಲೆ, ಒಂದಕ್ಕೊಂದು ಅಂಟಿಕೊಂಡು. ತನ್ನ ಹಂಡೆಯಿಂದ ಅಂಥ ಕೆಂಪು ಎಂದೂ ಎದ್ದಿಲ್ಲ ಎಂಬುದನ್ನು ರಂಜಾನಬಿ ಒಪ್ಪಿಕೊಳ್ಳಲೇಬೇಕಾಯಿತು. ಮಂಡಿಯೂರಿ ಹತ್ತಿರ ಹೋದಳು. ಬಿಸಿಲು ನೇರವಾಗಿ ಎಲೆಗಳ ಮೇಲೆಯೇ ಬಿದ್ದಿತ್ತು. ರೂಢಿಯ ಬಲ, ಹೆಬ್ಬೆರಳನ್ನು ನಾಲಗೆಗೆ ಸೋಕಿಸಿ ಒದ್ದೆ ಮಾಡಿಕೊಂಡಳು, ಬಣ್ಣ ನಿಲ್ಲುತ್ತದೋ ಬಿಡುತ್ತದೋ ತಿಕ್ಕಿ ನೋಡಲು.

ಎಲೆಯ ಹತ್ತಿರ ಹೋದ ಬೆರಳು ಅಲ್ಲಿಯೇ ನಿಂತಿತು. ಆಮೇಲೆ ಅವಳು ಅದನ್ನು ಸೆರಗಿಗೆ ಒರೆಸಿಕೊಂಡು, ನಾಲ್ಕೂ ಗೂಟಗಳನ್ನು ಕಿತ್ತು ಹೊರೆ ಕಟ್ಟಿ, ಮನೆಯ ಒಲೆಗೆಂದು ತಲೆಯ ಮೇಲೆ ಹೊತ್ತುಕೊಂಡು ಹೋದಳು.